ಈ ಸಲ ಮಳೆ ಹೇಗೆ? ಮುಂಗಾರು ಮುನ್ಸೂಚನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಏಪ್ರಿಲ್ ಮಧ್ಯದಲ್ಲಿ ಭಾರತೀಯ ಹವಾಮಾನ ಇಲಾಖೆ ಮುಂಗಾರಿನ ಮುನ್ಸೂಚನೆ ಕೊಡುತ್ತದೆ. ಮಾರನೇ ದಿನ ಎಲ್ಲ ಪೇಪರಿನಲ್ಲೂ ಒಂದು ಶೇಕಡಾ ಲೆಕ್ಕ ದಪ್ಪಕ್ಷರದಲ್ಲಿ ಬರುತ್ತದೆ. ಅದನ್ನು ನೋಡಿ ಖುಷಿಪಡುವವರೂ ಜಾಸ್ತಿ, ಆಮೇಲೆ ಬೈಯುವವರೂ ಜಾಸ್ತಿ. ಆ ಲೆಕ್ಕ ಏನು ಹೇಳುತ್ತದೆ, ಏನು ಹೇಳುವುದೇ ಇಲ್ಲ ಅಂತ ಕೇಳುವವರು ಮಾತ್ರ ಕಡಿಮೆ. ಈ ಪುಟ ಅಂಥವರಿಗೆ.

ಶೇ. 106 ಮಳೆ ಅಂದ್ರೆ ಯಾವುದರ ಶೇಕಡಾ?

ದೀರ್ಘಾವಧಿ ಸರಾಸರಿಯದ್ದು. 1971ರಿಂದ 2020ರವರೆಗಿನ ಐವತ್ತು ವರ್ಷಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶಕ್ಕೆ ಸರಾಸರಿ 87 ಸೆಂ.ಮೀ. ಮಳೆ ಆಗಿದೆ. ಅದನ್ನು ನೂರು ಅಂತ ಇಟ್ಟುಕೊಂಡರೆ ಶೇ. 106 ಅಂದರೆ ಸುಮಾರು 92 ಸೆಂ.ಮೀ. ಈ ನೂರು ಕೂಡ ಆಗಾಗ ಬದಲಾಗುತ್ತದೆ. 1951–2000ರ ಲೆಕ್ಕದಲ್ಲಿ ಅದು 89 ಸೆಂ.ಮೀ. ಇತ್ತು, 1961–2010ರ ಲೆಕ್ಕದಲ್ಲಿ 88 ಆಯಿತು. ಹಾಗಾಗಿ ಹಳೇ ವರ್ಷದ ಶೇಕಡಾವನ್ನು ಈಗಿನದಕ್ಕೆ ಹೋಲಿಸುವಾಗ ಸ್ವಲ್ಪ ಎಚ್ಚರ ಬೇಕು.

'ವಾಡಿಕೆ ಮಳೆ' ಅಂದ್ರೆ ಎಷ್ಟು?

ಶೇ. 96ರಿಂದ 104ರವರೆಗೆ ವಾಡಿಕೆ. 105ರಿಂದ 110 ವಾಡಿಕೆಗಿಂತ ಹೆಚ್ಚು, 110 ದಾಟಿದರೆ ಅತಿ ಹೆಚ್ಚು. ಇತ್ತ 90ರಿಂದ 95 ವಾಡಿಕೆಗಿಂತ ಕಡಿಮೆ, 90ಕ್ಕಿಂತ ಕೆಳಗಿಳಿದರೆ ಕೊರತೆ.

ಹತ್ತು ಪರ್ಸೆಂಟ್ ತಾನೇ, ಅದೇನು ಮಹಾ ಅನ್ನಿಸಬಹುದು. ಒಂದು ಊರಿನ ಲೆಕ್ಕದಲ್ಲಿ ಹೌದು, ಅದು ಏನೂ ಅಲ್ಲ. ಆದರೆ ಇಡೀ ದೇಶದ ಲೆಕ್ಕದಲ್ಲಿ ಒಂದು ಕಡೆ ಜಾಸ್ತಿ ಸುರಿದದ್ದು ಇನ್ನೊಂದು ಕಡೆಯ ಕೊರತೆಯನ್ನು ತುಂಬಿಕೊಡುತ್ತದೆ. ಅಷ್ಟೆಲ್ಲ ಸರಿದೂಗಿದ ಮೇಲೂ ಹತ್ತು ಕಡಿಮೆ ಬಿದ್ದಿದೆ ಅಂದರೆ ಎಷ್ಟೋ ರಾಜ್ಯಗಳಲ್ಲಿ ಬೆಳೆ ಒಣಗಿದೆ ಅಂತಲೇ ಅರ್ಥ.

ಇಲ್ಲಿ ಒಂದು ಗೊಂದಲ ಇದೆ. ಜಿಲ್ಲೆಗಳ ಮಳೆ ವರದಿಯಲ್ಲಿ ಬರುವ 'ವಾಡಿಕೆ' ಬೇರೆ. ಅಲ್ಲಿ ಸರಾಸರಿಗಿಂತ ಶೇ. 19 ಕಡಿಮೆ ಇದ್ದರೂ ವಾಡಿಕೆ, 19 ಜಾಸ್ತಿ ಇದ್ದರೂ ವಾಡಿಕೆ. ಶೇ. 20 ಕಡಿಮೆಯಾದ ಮೇಲೆಯೇ 'ಕೊರತೆ' ಅಂತ ಬರೆಯುತ್ತಾರೆ. ಒಂದೇ ಪದಕ್ಕೆ ಎರಡು ಅಳತೆ. ಇದನ್ನು ಇಷ್ಟು ವರ್ಷವಾದರೂ ಯಾಕೆ ಸರಿಮಾಡಿಲ್ಲವೋ!

ನಾಡಿದ್ದಿನ ಮಳೆಯನ್ನೇ ಸರಿಯಾಗಿ ಹೇಳೋಕೆ ಆಗಲ್ಲ. ನಾಲ್ಕು ತಿಂಗಳದ್ದು ಹೇಗೆ ಹೇಳ್ತಾರೆ?

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದ ಪ್ರಶ್ನೆಯೂ ಹೌದು. ಉತ್ತರ ಏನೆಂದರೆ, ಇವೆರಡೂ ಬೇರೆ ಬೇರೆ ಕೆಲಸ.

ಮುಂದಿನ ತಿಂಗಳ ಯಾವುದೋ ಮಂಗಳವಾರ ನಿಮ್ಮೂರಿನ ಬಸ್ಸಿಗೆ ಯಾರ್‍ಯಾರು ಹತ್ತುತ್ತಾರೆ ಅಂತ ಕಂಡಕ್ಟರಿಗೆ ಗೊತ್ತಿರುವುದಿಲ್ಲ. ಆದರೆ ಜಾತ್ರೆಯ ವಾರ ಬಸ್ಸು ತುಂಬಿ ತುಳುಕುತ್ತದೆ ಅಂತ ಅವನು ಈಗಲೇ ಹೇಳಬಲ್ಲ. ಮಳೆಗಾಲದ ಮುನ್ಸೂಚನೆ ಈ ಎರಡನೇ ಥರದ್ದು.

ಇಲ್ಲಿ ಜಾತ್ರೆಯ ಕೆಲಸ ಮಾಡುವುದು ಸಮುದ್ರ. ಗಾಳಿ, ಮೋಡ ಇವೆಲ್ಲ ದಿನದಿಂದ ದಿನಕ್ಕೆ ಬದಲಾಗುತ್ತವೆ. ಇವತ್ತಿನ ಅಳತೆಯಲ್ಲಿ ಸಣ್ಣ ತಪ್ಪಿದ್ದರೂ ಅದು ಬೆಳೆಯುತ್ತಾ ಹೋಗಿ, ಎರಡು ವಾರದ ಹೊತ್ತಿಗೆ ಲೆಕ್ಕ ಪೂರ್ತಿ ಕೈತಪ್ಪುತ್ತದೆ. ಸಮುದ್ರ ಹಾಗಲ್ಲ. ಅದರ ಮೇಲಿನ ಸುಮಾರು ಮೂರು ಮೀಟರ್ ನೀರು ಹಿಡಿದಿಡುವ ಶಾಖ, ಇಡೀ ವಾಯುಮಂಡಲ ಹಿಡಿದಿಡುವ ಶಾಖಕ್ಕೆ ಸಮ. ಅದು ಬಿಸಿಯಾಗುವುದೂ ನಿಧಾನ, ಆರುವುದೂ ನಿಧಾನ. ಏಪ್ರಿಲ್‌ನಲ್ಲಿ ಪೆಸಿಫಿಕ್ ಸಾಗರದ ಯಾವುದೋ ಭಾಗ ಬೆಚ್ಚಗಾಗುತ್ತಿದ್ದರೆ ಆಗಸ್ಟ್‌ನಲ್ಲೂ ಅದರ ಪ್ರಭಾವ ಇರುವ ಸಾಧ್ಯತೆ ಜಾಸ್ತಿ. ಉಷ್ಣವಲಯದಲ್ಲಿ ಗಾಳಿಯೂ ಮಳೆಯೂ ಈ ನೀರಿನ ಬಿಸಿಗೆ ಬೇಗ ಸ್ಪಂದಿಸುತ್ತವೆ. ಯುರೋಪಿನಂಥ ತಂಪು ಪ್ರದೇಶಗಳಲ್ಲಿ ಈ ನಂಟು ಅಷ್ಟು ಗಟ್ಟಿ ಇಲ್ಲ. 1981ರಲ್ಲಿ ಹವಾಮಾನ ವಿಜ್ಞಾನಿಗಳಾದ ಜೂಲ್ ಚಾರ್ನಿ ಮತ್ತು ಜಗದೀಶ್ ಶುಕ್ಲಾ ಈ ಮಾತನ್ನು ವಿಜ್ಞಾನದ ಭಾಷೆಯಲ್ಲಿ ಮುಂದಿಟ್ಟರು. ಇಂದಿನ ಮುಂಗಾರು ಮುನ್ಸೂಚನೆಯ ತಳಪಾಯ ಅದೇ.

ಅಂದರೆ ಋತುವಿನ ಒಟ್ಟು ಮೊತ್ತದ ಬಗ್ಗೆ ಒಂದಷ್ಟು ಹೇಳಬಹುದು. ಜುಲೈ 14ಕ್ಕೆ ನಿಮ್ಮ ಹೊಲದಲ್ಲಿ ಮಳೆ ಬರುತ್ತಾ ಅಂತ ಏಪ್ರಿಲ್‌ನಲ್ಲಿ ಯಾರೂ ಹೇಳಲಾರರು. ಹೇಳಿದರೆ ನಂಬಬೇಡಿ.

ಎಲ್ ನಿನೊ ಎಲ್ಲೋ ದಕ್ಷಿಣ ಅಮೆರಿಕದ ಹತ್ತಿರ ಆಗೋದು. ನಮಗೇನು ಸಂಬಂಧ?

ಮಾಮೂಲಿ ವರ್ಷಗಳಲ್ಲಿ ಪೆಸಿಫಿಕ್‌ನ ಬೆಚ್ಚನೆ ನೀರು ಪಶ್ಚಿಮಕ್ಕೆ, ಇಂಡೋನೇಷ್ಯಾದ ಕಡೆಗೆ ಗುಡ್ಡೆಯಾಗಿರುತ್ತದೆ. ಅಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಎಲ್ ನಿನೊ ವರ್ಷದಲ್ಲಿ ಆ ನೀರು ಪೂರ್ವಕ್ಕೆ ಸರಿಯುತ್ತದೆ. ಗಾಳಿ ಏರುವ ಜಾಗವೂ ಅದರ ಜೊತೆಗೇ ಸರಿಯುತ್ತದೆ. ಒಂದು ಕಡೆ ಏರಿದ ಗಾಳಿ ಇನ್ನೊಂದು ಕಡೆ ಇಳಿಯಲೇಬೇಕಲ್ಲ? ಅದು ಇಳಿಯುವ ಜಾಗದ ಅಂಚು ನಮ್ಮ ಕಡೆಗೆ ಬರುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಬೆಳೆಯುವುದಿಲ್ಲ. ಪೆಸಿಫಿಕ್‌ನ ನಡುಭಾಗದ ನೀರು ಸರಾಸರಿಗಿಂತ ಅರ್ಧ ಡಿಗ್ರಿ ಬೆಚ್ಚಗಾಗಿ ತಿಂಗಳುಗಟ್ಟಲೆ ಹಾಗೇ ಉಳಿದರೆ ಎಲ್ ನಿನೊ ಅನ್ನುತ್ತಾರೆ. ಅಷ್ಟೇ ತಂಪಾದರೆ ಲಾ ನಿನಾ.

ಹಾಗಾದ್ರೆ ಎಲ್ ನಿನೊ ಬಂದ್ರೆ ಬರ ಗ್ಯಾರಂಟಿನಾ?

ಇಲ್ಲ. 1972, 1982, 1987, 2002, 2009, 2015: ಇವೆಲ್ಲ ಎಲ್ ನಿನೊ ವರ್ಷಗಳು, ಮಳೆಯೂ ಕೈಕೊಟ್ಟ ವರ್ಷಗಳು. ಆದರೆ 1997 ನೋಡಿ. ಇಪ್ಪತ್ತನೇ ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲಿ ಅದೂ ಒಂದು. ಎಲ್ಲರೂ ಹೆದರಿ ಕೂತಿದ್ದರು. ಮಳೆ ಆಗಿದ್ದು ಶೇ. 102.

ಅದು ಹೇಗಾಯಿತು ಅನ್ನುವುದಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ, ಹಿಂದೂ ಮಹಾಸಾಗರದಲ್ಲಿ. ಅದರ ಪಶ್ಚಿಮ ಭಾಗ, ಅಂದರೆ ಆಫ್ರಿಕಾ ಕಡೆಯದ್ದು, ಬೆಚ್ಚಗಾಗಿ ಇಂಡೋನೇಷ್ಯಾ ಕಡೆಯದ್ದು ತಂಪಾದರೆ ಅದಕ್ಕೆ ಪಾಸಿಟಿವ್ ಡೈಪೋಲ್ ಅಂತ ಹೆಸರು. 1999ರಲ್ಲಿ ವಿಜ್ಞಾನಿಗಳಾದ ಸಜಿ, ಯಮಗಾಟ ಮತ್ತು ಅವರ ಜೊತೆಗಾರರು ಇದನ್ನು ಗುರುತಿಸಿದರು. ಸಾಮಾನ್ಯವಾಗಿ ಇದು ನಮ್ಮ ಮುಂಗಾರಿಗೆ ಒಳ್ಳೆಯದು. 1994ರಲ್ಲಿ ಇತ್ತು, 1997ರಲ್ಲಿ ಇತ್ತು, 2019ರಲ್ಲಿ ಜೋರಾಗಿಯೇ ಇತ್ತು. ಎಲ್ ನಿನೊ ಸುದ್ದಿ ಬಂದ ಕೂಡಲೇ ಬರ ಬಂತು ಅಂತ ಬರೆಯುವವರು ಈ ಎರಡನೇ ಸಮುದ್ರದ ಕಡೆಯೂ ಒಮ್ಮೆ ತಿರುಗಿ ನೋಡಿದರೆ ಚೆನ್ನಾಗಿತ್ತು.

ಇದನ್ನ ಯಾವಾಗಿನಿಂದ ಮಾಡ್ತಿದ್ದಾರೆ?

ಉಪಗ್ರಹ, ಕಂಪ್ಯೂಟರ್ ಇಲ್ಲದ ಕಾಲದಿಂದ. 1876–78ರ ಭೀಕರ ಕ್ಷಾಮದಲ್ಲಿ ಮೈಸೂರು ಸೀಮೆಯೂ ಸೇರಿ ದಕ್ಷಿಣ ಭಾರತ ತತ್ತರಿಸಿತ್ತು. ಅದಾದ ಮೇಲೆ ಸರ್ಕಾರಕ್ಕೆ ಮಳೆಯ ಸುಳಿವು ಮೊದಲೇ ಬೇಕಾಯಿತು. 1875ರಲ್ಲಿ ಶುರುವಾಗಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮ ನೋಡಿ ಹೇಳಲು ಹೊರಟರು. ಚಳಿಗಾಲ ಮತ್ತು ವಸಂತದಲ್ಲಿ ಹಿಮ ಜಾಸ್ತಿ ಬಿದ್ದರೆ ನೆಲ ಕಾಯುವುದು ತಡ, ಮುಂಗಾರು ಬಡವಾಗುತ್ತದೆ ಅನ್ನುವುದು ಅವರ ತರ್ಕ. 1886ರ ಜೂನ್ 4ರಂದು ಮೊದಲ ಅಧಿಕೃತ ಮುನ್ಸೂಚನೆ ಹೊರಬಿತ್ತು.

1904ರಲ್ಲಿ ಇಲಾಖೆಯ ಚುಕ್ಕಾಣಿ ಹಿಡಿದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತಜ್ಞ. ಅವರು ಪ್ರಪಂಚದ ಎಲ್ಲ ಕಡೆಯ ಒತ್ತಡ, ಉಷ್ಣತೆ, ಮಳೆಯ ಅಂಕಿಗಳನ್ನು ತರಿಸಿಕೊಂಡರು. ಅವರ ಕಚೇರಿಯ ಭಾರತೀಯ ಸಿಬ್ಬಂದಿ ಅವುಗಳ ನಂಟನ್ನು ಕೈಯಲ್ಲೇ ಲೆಕ್ಕ ಹಾಕಿದರು. ಪೆಸಿಫಿಕ್‌ನಲ್ಲಿ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದಲ್ಲಿ ಇಳಿಯುತ್ತದೆ, ಇಲ್ಲಿ ಏರಿದಾಗ ಅಲ್ಲಿ ಇಳಿಯುತ್ತದೆ ಅನ್ನುವುದು ಹಾಗೆ ಕಂಡಿತು. ಮುಂಗಾರು ಹೇಳಲು ಹೊರಟವರಿಗೆ ಸಿಕ್ಕಿದ್ದು ಅರ್ಧ ಭೂಮಿಯ ಹವಾಮಾನದ ಕೀಲಿಕೈ. ಇದಕ್ಕೂ ಎಲ್ ನಿನೊಗೂ ಇರುವ ಸಂಬಂಧವನ್ನು ಹವಾಮಾನ ವಿಜ್ಞಾನಿ ಯಾಕೋಬ್ ಬ್ಯೆರ್ಕ್ನೆಸ್ ತೋರಿಸಿದ್ದು 1969ರಲ್ಲಿ.

ಈಗ ಹೇಗೆ ಲೆಕ್ಕ ಹಾಕ್ತಾರೆ?

ಹಿಂದೆ ಇದ್ದದ್ದು ಅಂಕಿಸಂಖ್ಯೆಯ ದಾರಿ. 1988ರಿಂದ 2002ರವರೆಗೆ 16 ಸೂಚಕಗಳ ಒಂದು ಸೂತ್ರ ಬಳಕೆಯಲ್ಲಿತ್ತು. ಹಿಮ ಎಷ್ಟು, ಒತ್ತಡ ಎಷ್ಟು ಅಂತ ಹಾಕಿದರೆ ಮಳೆಯ ಶೇಕಡಾ ಬರುತ್ತಿತ್ತು. ಹಳೆಯ ನಂಟುಗಳು ಕಾಲಕ್ರಮದಲ್ಲಿ ಸಡಿಲಾಗುತ್ತವೆ ಅನ್ನುವುದು ಅದರ ದೌರ್ಬಲ್ಯ.

2012ರಲ್ಲಿ ಕೇಂದ್ರ ಸರ್ಕಾರದ ಮಾನ್ಸೂನ್ ಮಿಷನ್ ಯೋಜನೆ ಶುರುವಾದ ಮೇಲೆ ಒತ್ತು ಬೇರೆ ಕಡೆ ಹೋಯಿತು. ಈಗ ಸಮುದ್ರ, ಗಾಳಿ, ನೆಲ ಮೂರನ್ನೂ ಕಂಪ್ಯೂಟರಿನೊಳಗೆ ಕಟ್ಟಿ ನಾಲ್ಕೈದು ತಿಂಗಳು ಮುಂದಕ್ಕೆ ಓಡಿಸುತ್ತಾರೆ. ಒಂದೇ ಸಲ ಅಲ್ಲ. ಶುರುವಿನ ಅಂಕಿಗಳನ್ನು ಚೂರು ಚೂರು ಬದಲಿಸಿ ಮತ್ತೆ ಮತ್ತೆ ಓಡಿಸುತ್ತಾರೆ. ಹೆಚ್ಚಿನ ಓಟಗಳು ಒಂದೇ ಕಡೆ ವಾಲಿದರೆ ಧೈರ್ಯವಾಗಿ ಹೇಳಬಹುದು. ದಿಕ್ಕಿಗೊಂದರಂತೆ ಚದುರಿದರೆ ಅನುಮಾನ ಜಾಸ್ತಿ ಅಂತ ಗೊತ್ತಾಗುತ್ತದೆ. 2021ರಿಂದ ಬೇರೆ ಬೇರೆ ಹವಾಮಾನ ಕೇಂದ್ರಗಳ ಇಂಥ ಕಂಪ್ಯೂಟರ್ ಮಾದರಿಗಳನ್ನೂ ಸೇರಿಸಿ ಒಟ್ಟು ಫಲಿತಾಂಶ ತೆಗೆಯುತ್ತಾರೆ.

ಎಷ್ಟು ಸಲ ತಪ್ಪಿದೆ?

ದೊಡ್ಡದಾಗಿ ತಪ್ಪಿದ ವರ್ಷಗಳು ಇವೆ. 2002ರಲ್ಲಿ ಹೇಳಿದ್ದು ಶೇ. 101, ಆಗಿದ್ದು 81. ಆ ವರ್ಷದ ಜುಲೈನಲ್ಲಿ ವಾಡಿಕೆಯ ಸುಮಾರು ಅರ್ಧದಷ್ಟು ಮಾತ್ರ ಮಳೆ ಬಂತು. 16 ಸೂಚಕಗಳ ಸೂತ್ರವನ್ನು ಕೈಬಿಟ್ಟಿದ್ದು ಅದಾದ ಮೇಲೆಯೇ. 2009ರ ಏಪ್ರಿಲ್‌ನಲ್ಲಿ 96 ಅಂದರು, ಜೂನ್‌ನಲ್ಲಿ 93ಕ್ಕೆ ಇಳಿಸಿದರು. ಕೊನೆಗೆ ಆಗಿದ್ದು 78. 2019ರದ್ದು ಉಲ್ಟಾ: ಹೇಳಿದ್ದು 96, ಸುರಿದದ್ದು 110.

ಈಚಿನ ವರ್ಷಗಳು ಪರವಾಗಿಲ್ಲ. 2023ರಲ್ಲಿ ಎಲ್ ನಿನೊ ಇತ್ತು. 96 ಅಂದಿದ್ದರು, 94 ಆಯಿತು. 2024ರಲ್ಲಿ 106ಕ್ಕೆ 108. 2025ರ ಏಪ್ರಿಲ್‌ನಲ್ಲಿ 105, ಮೇ ಕೊನೆಗೆ 106 ಅಂದಿದ್ದರು, ಆಗಿದ್ದು 108. ಎರಡು ಮೂರು ವರ್ಷ ಸರಿಬಂತು ಅಂತ ಚಪ್ಪಾಳೆ ಹೊಡೆಯುವುದೂ ಬೇಡ, ಒಂದು ವರ್ಷ ತಪ್ಪಿತು ಅಂತ ಕಸದ ಬುಟ್ಟಿಗೆ ಹಾಕುವುದೂ ಬೇಡ.

ಒಂದೇ ಸಂಖ್ಯೆ ನಂಬಬಾರದು ಅಂದ್ರೆ ಇನ್ನೇನು ನೋಡಬೇಕು?

ಆ ಸಂಖ್ಯೆಯ ಪಕ್ಕದಲ್ಲಿರುವುದನ್ನು. ಏಪ್ರಿಲ್ ಮುನ್ಸೂಚನೆಗೆ ಶೇ. 5ರಷ್ಟು ಆಚೀಚೆ ಅಂತ ಇಲಾಖೆಯೇ ಬರೆದಿರುತ್ತದೆ. ಮೇ ಕೊನೆಯದ್ದಕ್ಕೆ ಶೇ. 4. ಅಂದರೆ ಏಪ್ರಿಲ್‌ನ 96 ಅನ್ನುವುದು 91ರಿಂದ 101ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಟಿವಿಯಲ್ಲಿ ಈ ಆಚೀಚೆ ಮಾತ್ರ ಯಾವಾಗಲೂ ಕಳೆದುಹೋಗುತ್ತದೆ.

ಅದಕ್ಕಿಂತ ಉಪಯುಕ್ತವಾದದ್ದು ಸಾಧ್ಯತೆಗಳ ಪಟ್ಟಿ. 2024ರ ಏಪ್ರಿಲ್‌ನದ್ದನ್ನು ತೆಗೆದುಕೊಳ್ಳಿ. ಕೊರತೆಗೆ ಶೇ. 2, ವಾಡಿಕೆಗಿಂತ ಕಡಿಮೆಗೆ 8, ವಾಡಿಕೆಗೆ 29, ಹೆಚ್ಚಿಗೆ 31, ಅತಿ ಹೆಚ್ಚಿಗೆ 30. ಏನೂ ಗೊತ್ತಿಲ್ಲದೆ ಹಳೆಯ ದಾಖಲೆ ಮಾತ್ರ ನೋಡಿ ಹೇಳಿದ್ದರೆ ಕೊರತೆಯ ಸಾಧ್ಯತೆ ಸುಮಾರು 16 ಇರುತ್ತದೆ. ಆ ವರ್ಷ ಅದು 2ಕ್ಕೆ ಇಳಿದಿತ್ತು. ನನ್ನ ಕೇಳಿದರೆ ಆ ವರ್ಷದ ದೊಡ್ಡ ಸುದ್ದಿ 106 ಅಲ್ಲ, ಈ 16ರಿಂದ 2ಕ್ಕೆ ಇಳಿದದ್ದು.

ಬಣ್ಣದ ನಕ್ಷೆಯನ್ನ ಹೇಗೆ ಓದೋದು?

ಅದು ಎಷ್ಟು ಮಳೆ ಅನ್ನುವ ನಕ್ಷೆ ಅಲ್ಲ. ಹೆಚ್ಚು, ವಾಡಿಕೆ, ಕಡಿಮೆ: ಈ ಮೂರರಲ್ಲಿ ಎಲ್ಲಿ ಯಾವುದರ ಸಾಧ್ಯತೆ ಜಾಸ್ತಿ ಅನ್ನುವ ನಕ್ಷೆ. ಮೂರೂ ಸಮ ಇದ್ದರೆ ತಲಾ 33. ಗಾಢ ನೀಲಿ ಅಂದರೆ ಜೋರು ಮಳೆ ಅಂತಲ್ಲ, ವಾಡಿಕೆಗಿಂತ ಹೆಚ್ಚು ಮಳೆಯ ಸಾಧ್ಯತೆ ಗಟ್ಟಿಯಾಗಿದೆ ಅಂತ. ಬಣ್ಣವೇ ಇಲ್ಲದ ಬಿಳಿ ಜಾಗ ಇದ್ದರೆ ಅಲ್ಲಿ ಮಾದರಿಗಳು ಯಾವ ಕಡೆಗೂ ವಾಲಿಲ್ಲ. ಅದನ್ನು 'ಮಳೆ ಇಲ್ಲ' ಅಂತ ಓದಿಕೊಳ್ಳುವವರೇ ಜಾಸ್ತಿ!

ದೇಶಕ್ಕೆ 'ವಾಡಿಕೆ', ನಮ್ಮೂರಿಗೆ ಮಾತ್ರ ಬರ. ಯಾಕೆ?

ಹವಾಮಾನ ಇಲಾಖೆ ಕರ್ನಾಟಕವನ್ನು ಮೂರು ಭಾಗ ಮಾಡಿಕೊಂಡಿದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಆಗುಂಬೆಯೂ ದಕ್ಷಿಣ ಒಳನಾಡಿನಲ್ಲೇ ಇದೆ, ಚಳ್ಳಕೆರೆಯೂ ಅಲ್ಲೇ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಸುರಿಯುತ್ತದೆ. ಚಳ್ಳಕೆರೆ ಕಡೆ 500 ಆದರೆ ಪುಣ್ಯ. ಒಂದು ಭಾಗದೊಳಗೇ ಇಷ್ಟು ಅಂತರ ಇರುವಾಗ ಇಡೀ ದೇಶದ ಒಂದು ಸಂಖ್ಯೆ ನಿಮ್ಮ ಹೋಬಳಿಗೆ ಏನು ಹೇಳೀತು? ಪಶ್ಚಿಮ ಘಟ್ಟದ ಆ ಕಡೆ ಮೋಡ ಖಾಲಿಯಾಗಿ, ಈ ಕಡೆಗೆ ಬರೀ ಗಾಳಿ ದಾಟುವ ವರ್ಷಗಳು ಬೇಕಾದಷ್ಟಿವೆ.

ಇನ್ನೊಂದು ಸಮಸ್ಯೆ ಹಂಚಿಕೆಯದ್ದು. 2023ರಲ್ಲಿ ದೇಶಕ್ಕೆ ಶೇ. 94 ಮಳೆ ಆಯಿತು. ಕೇಳಲು ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಆಗಸ್ಟ್‌ನಲ್ಲಿ ಶೇ. 36 ಕೊರತೆ. 1901ರಿಂದ ದಾಖಲಾದ ಆಗಸ್ಟ್‌ಗಳಲ್ಲೇ ಅತಿ ಒಣ ಆಗಸ್ಟ್ ಅದು. ಜುಲೈನಲ್ಲಿ ಬಿತ್ತಿದ ಬೆಳೆ ಹೂವಿಗೆ, ತೆನೆಗೆ ಬರುವ ಹೊತ್ತಿಗೆ ನೆಲ ಬಿರುಕು ಬಿಟ್ಟಿತ್ತು. ಕರ್ನಾಟಕ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. 2019ರಲ್ಲಿ ಜೂನ್‌ನಲ್ಲಿ ಮೂರನೇ ಒಂದು ಭಾಗ ಮಳೆ ಖೋತಾ ಆಗಿತ್ತು. ಆಗಸ್ಟ್‌ನಲ್ಲಿ ಬೆಳಗಾವಿಯಿಂದ ಕೊಡಗಿನವರೆಗೆ ನೆರೆ. ಮೊತ್ತ ಒಂದೇ ನೋಡಿದರೆ ಎರಡೂ ಕಾಣುವುದಿಲ್ಲ.

ಮುಂಗಾರು ಬೇಗ ಬಂದ್ರೆ ಮಳೆ ಚೆನ್ನಾಗಿರುತ್ತೆ ಅಲ್ವಾ?

ಸಂಬಂಧವೇ ಇಲ್ಲ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2009ರಲ್ಲಿ ಮೇ 23ಕ್ಕೇ ಬಂತು, ಆ ವರ್ಷ ಭಾರೀ ಬರ. 2019ರಲ್ಲಿ ಜೂನ್ 8ಕ್ಕೆ ತಡವಾಗಿ ಬಂತು, ಆ ವರ್ಷ ಶೇ. 110. 2025ರಲ್ಲಿ ಮೇ 24ಕ್ಕೆ ಬಂದು ಮಳೆಯೂ ಚೆನ್ನಾಗಿ ಆಯಿತು ಅನ್ನುವುದು ಬೇರೆ ಮಾತು.

ಮಳೆ ನಕ್ಷತ್ರ, ಪಂಚಾಂಗ ನೋಡಿದ್ರೆ ಸಾಲದಾ?

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತ ಹೇಳುವವರು ಸುಮ್ನೆ ಹೇಳಿದ್ದಲ್ಲ. ತಲೆಮಾರುಗಳ ಅನುಭವ ಅದರಲ್ಲಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸುಮಾರು ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಹಾಗಾಗಿ ಮೃಗಶಿರಾ ಪ್ರತಿ ವರ್ಷ ಜೂನ್ 7–8ರ ಹೊತ್ತಿಗೇ ಹುಟ್ಟುತ್ತದೆ. ಮುಂಗಾರು ನಮ್ಮ ರಾಜ್ಯದಲ್ಲಿ ಹರಡುವ ಹೊತ್ತೂ ಅದೇ.

ಅದರ ಬಲವೂ ಮಿತಿಯೂ ಇದೇ. ಸರಾಸರಿ ವರ್ಷದಲ್ಲಿ ಯಾವಾಗ ಮಳೆ ಬರುತ್ತದೆ ಅನ್ನುವುದಕ್ಕೆ ಅದು ಒಳ್ಳೆಯ ಕ್ಯಾಲೆಂಡರ್. ಈ ವರ್ಷ ಬೇರೆ ಹೇಗೆ ಅನ್ನುವುದನ್ನು ಅದು ಹೇಳಲಾರದು. ಎಲ್ ನಿನೊ ಇರಲಿ ಬಿಡಲಿ, ಆರಿದ್ರಾ ಹುಟ್ಟುವ ದಿನ ಅದೇ. ಬಿತ್ತನೆಯ ಹದ ತಿಳಿಯಲು ನಕ್ಷತ್ರ ನೋಡಿ, ಬೇಡ ಅನ್ನುವವರು ಯಾರೂ ಇಲ್ಲ. ಜೊತೆಗೆ ಆ ವರ್ಷದ ಮುನ್ಸೂಚನೆಯನ್ನೂ ನೋಡಿ.

ರೈತರಿಗೆ ಇದರಿಂದ ನಿಜವಾಗ್ಲೂ ಏನು ಉಪಯೋಗ?

ಯಾವ ದಿನ ಬಿತ್ತಬೇಕು ಅನ್ನುವುದಕ್ಕೆ ಏನೂ ಇಲ್ಲ. ಅದಕ್ಕಾಗಿ ಇದನ್ನು ನೋಡಲೇಬೇಡಿ.

ಬೇಗ ಮಾಡಿ ಆಮೇಲೆ ಬದಲಿಸಲಾಗದ ತೀರ್ಮಾನಗಳಿಗೆ ಇದು ಬೇಕಾಗುತ್ತದೆ. ಕೊರತೆಯ ಸಾಧ್ಯತೆ ಮಾಮೂಲಿಗಿಂತ ಜಾಸ್ತಿ ಇದ್ದರೆ ಇಡೀ ಹೊಲಕ್ಕೆ ಮೆಕ್ಕೆಜೋಳ ಹಾಕುವ ಬದಲು ಒಂದು ಭಾಗಕ್ಕೆ ರಾಗಿ, ತೊಗರಿ ಯೋಚಿಸಬಹುದು. ಬೇಗ ಕೊಯ್ಲಿಗೆ ಬರುವ ತಳಿ ಹುಡುಕಬಹುದು. ಕೃಷಿಹೊಂಡದ ಹೂಳು ಮೇ ತಿಂಗಳಲ್ಲೇ ತೆಗೆಸಬಹುದು. ಫಸಲ್ ಬಿಮಾ ಕಟ್ಟಬೇಕೋ ಬೇಡವೋ ಅಂತ ಮೀನಮೇಷ ಎಣಿಸುವವರು ಆ ವರ್ಷವಾದರೂ ಕಟ್ಟಬಹುದು. ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳಿಗೆ ರೈತರ ಪಾಲು ವಿಮಾ ಮೊತ್ತದ ಶೇ. 2 ಮಾತ್ರ.

ದಿನ ಹತ್ತಿರ ಬಂದ ಹಾಗೆ ಬೇರೆ ಮುನ್ಸೂಚನೆಗೆ ಇಳಿಯಬೇಕು. ಪ್ರತಿ ಗುರುವಾರ ಹವಾಮಾನ ಇಲಾಖೆ ಮುಂದಿನ ನಾಲ್ಕು ವಾರದ್ದು ಕೊಡುತ್ತದೆ. ಮಳೆ ಬಿಡುವು ಕೊಡುವ ಸೂಚನೆ ಸಿಗುವುದು ಅಲ್ಲಿ. ಬೀಜ ಹಾಕುವ ಮುಂಚೆ, ಗೊಬ್ಬರ ಚೆಲ್ಲುವ ಮುಂಚೆ, ಔಷಧಿ ಹೊಡೆಯುವ ಮುಂಚೆ ಮುಂದಿನ ನಾಲ್ಕೈದು ದಿನದ್ದು ನೋಡಿ. 'ಮೇಘದೂತ್' ಆ್ಯಪ್‌ನಲ್ಲಿ ಜಿಲ್ಲೆವಾರು ಕೃಷಿ ಸಲಹೆ ಇರುತ್ತದೆ, ಸಿಡಿಲಿನ ಎಚ್ಚರಿಕೆಗೆ 'ದಾಮಿನಿ' ಇದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳಿವೆ. ಅವುಗಳ ಲೆಕ್ಕ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ಅದರ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಬರೋ 'ಮುಂದಿನ ತಿಂಗಳ ದಿನವಾರು ಮಳೆ ಪಟ್ಟಿ'?

ಡಿಲೀಟ್ ಮಾಡಿ.

ಏಪ್ರಿಲ್‌ನಲ್ಲಿ ಒಂದು ಹೇಳಿ ಮೇ ಕೊನೆಗೆ ಇನ್ನೊಂದು ಹೇಳ್ತಾರಲ್ಲ?

ಹಾಗೆ ಬದಲಿಸುವುದೇ ಸರಿ. ಮಾರ್ಚ್, ಏಪ್ರಿಲ್‌ನಲ್ಲಿ ಪೆಸಿಫಿಕ್ ಯಾವ ಕಡೆ ತಿರುಗುತ್ತದೆ ಅಂತ ಹೇಳುವುದು ವರ್ಷದ ಉಳಿದ ತಿಂಗಳುಗಳಿಗಿಂತ ಕಷ್ಟ. ಮೇ ದಾಟಿದ ಮೇಲೆ ಚಿತ್ರ ತಿಳಿಯಾಗುತ್ತದೆ. ಒಂದೇ ಸಲ ನೋಡುವುದಿದ್ದರೆ ಮೇ ಕೊನೆಯದ್ದು ನೋಡಿ. ಜುಲೈ ಕೊನೆಗೆ ಆಗಸ್ಟ್–ಸೆಪ್ಟೆಂಬರ್‌ನ ಪ್ರತ್ಯೇಕ ಮುನ್ಸೂಚನೆಯೂ ಬರುತ್ತದೆ. ಅದನ್ನು ಪೇಪರುಗಳು ಒಳಪುಟಕ್ಕೆ ತಳ್ಳಿಬಿಡುತ್ತವೆ.

ಹಿಂಗಾರಿಗೂ ಹೀಗೇ ಹೇಳ್ತಾರಾ?

ಹೇಳುತ್ತಾರೆ, ಆದರೆ ಎಲ್ಲ ಕಡೆಗೂ ಅಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮುನ್ಸೂಚನೆ ತಮಿಳುನಾಡು, ಕೇರಳ, ಕರಾವಳಿ ಆಂಧ್ರ, ರಾಯಲಸೀಮೆ ಮತ್ತು ನಮ್ಮ ದಕ್ಷಿಣ ಒಳನಾಡು, ಈ ಐದು ಭಾಗಗಳನ್ನು ಸೇರಿಸಿ ಬರುತ್ತದೆ. ಇಲ್ಲಿ ಎಲ್ ನಿನೊ ಆಟ ತಿರುಗುಮುರುಗು. ಮುಂಗಾರನ್ನು ಕೆಡಿಸುವ ಅದೇ ಎಲ್ ನಿನೊ ಹಿಂಗಾರನ್ನು ಹೆಚ್ಚಿಸುವುದೇ ಜಾಸ್ತಿ. 2015ರಲ್ಲಿ ಮುಂಗಾರು ಶೇ. 86ಕ್ಕೆ ನಿಂತಿತ್ತು. ಅದೇ ವರ್ಷ ಡಿಸೆಂಬರ್ ಶುರುವಿನಲ್ಲಿ ಚೆನ್ನೈ ಮುಳುಗಿತು.

ಉತ್ತರ ಒಳನಾಡು ಈ ಐದರಲ್ಲಿ ಸೇರಿಲ್ಲ. ಹಾಗಾಗಿ ವಿಜಯಪುರ, ಕಲಬುರಗಿ ಕಡೆ ಬಿಳಿಜೋಳ, ಕಡಲೆ ಬಿತ್ತುವವರು ಸೆಪ್ಟೆಂಬರ್ ಕೊನೆಗೆ ಬರುವ ಅಕ್ಟೋಬರ್ ತಿಂಗಳ ನಕ್ಷೆಯನ್ನೂ ಗುರುವಾರದ ನಾಲ್ಕು ವಾರದ ಮುನ್ಸೂಚನೆಯನ್ನೂ ಜೊತೆಗಿಟ್ಟು ನೋಡಬೇಕು.